ಮದ್ದು ಮತ್ತು ಮತ್ತು

ಕೆಟಮಿನ್ ಒಂದು ಅರಿವಳಿಕೆ ಮದ್ದು. ಹತ್ತು ಎಂಎಲ್ ಹಿಡಿಯುವ ಕಂದು ಗಾಜಿನ ಸೀಸೆ, ಅದಕ್ಕೊಂದು ರಬ್ಬರ್ ಬಿರಡೆ, ಒಳಗೆ ನೀರಿನಂತೆಯೇ ಕಾಣುವ ದ್ರವ. ಆಪರೇಷನ್ ಥಿಯೇಟರಿನ ಕಪಾಟಿನಲ್ಲೂ ಪಶುವೈದ್ಯರ ಪೆಟ್ಟಿಗೆಯಲ್ಲೂ ಅದು ಇರುವುದು ಹೀಗೆ. ಇದೇ ವಸ್ತು ಬಿಳಿ ಪುಡಿಯಾಗಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೈಯಿಂದ ಕೈಗೆ ದಾಟುವಾಗ ಅದರ ಹೆಸರು ‘ಕೆ’, ‘ಸ್ಪೆಷಲ್ ಕೆ’, ‘ಕೆಟ್’. ಗೋವಾದ ಕಡಲತೀರದಲ್ಲಿ ದಶಕಗಳ ಹಿಂದೆಯೇ ವೇಷ ಬದಲಿಸಿದ ಈ ಮದ್ದು ಈಗ ಮಹಾನಗರಗಳ ತಡರಾತ್ರಿಯ ಪಾರ್ಟಿಗಳಲ್ಲಿ ಜಾಗ ಹಿಡಿಯುತ್ತಿದೆ. ಆ ನಗರಗಳ ಪಾರ್ಟಿ ವಾರಾಂತ್ಯಕ್ಕೆ ಘಟ್ಟ ಹತ್ತುವುದರಿಂದ ಕೊಡಗಿನ ಮಟ್ಟಿಗೂ ಇದು ದೂರದ ಸುದ್ದಿಯಲ್ಲ.

ಹಾಗೆ ನೋಡಿದರೆ ಕೆಟಮಿನ್ ಕೊಡಗಿಗೆ ಹೊಸದೂ ಅಲ್ಲ. ಅದು ಇಲ್ಲಿಗೆ ಬಂದದ್ದು ಹುಲಿಯ ಹಿಂದೆ. ಕುಟ್ಟ, ಶ್ರೀಮಂಗಲ, ಬಾಳೆಲೆ, ತಿತಿಮತಿ ಕಡೆಯ ಕಾಫಿ ತೋಟಗಳಿಗೆ ಹುಲಿ ನುಗ್ಗಿ ದನ ಹಿಡಿಯತೊಡಗಿದರೆ ಅರಣ್ಯ ಇಲಾಖೆ ಮತ್ತಿಗೋಡು, ದುಬಾರೆ ಶಿಬಿರಗಳ ಸಾಕಾನೆಗಳನ್ನು ಕರೆಸುತ್ತದೆ. ಆನೆಯ ಮೇಲೆ ಕುಳಿತವರ ಕೋವಿಯಿಂದ ಹಾರುವ ಡಾರ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಕ್ಸೈಲಜಿನ್ ಮತ್ತು ಕೆಟಮಿನ್ ಎಂಬ ಎರಡು ಮದ್ದುಗಳ ಬೆರಕೆ. ಜರ್ಮನಿಯ ಮ್ಯೂನಿಕ್‌ನ ಹೆಲಾಬ್ರುನ್ ಮೃಗಾಲಯದಲ್ಲಿ ರೂಪುಗೊಂಡ ಕಾರಣ ಇದನ್ನು ಹೆಲಾಬ್ರುನ್ ಮಿಶ್ರಣ ಎನ್ನುತ್ತಾರೆ. ಡಾರ್ಟ್ ನಾಟಿದ ಕೆಲವು ನಿಮಿಷಗಳಲ್ಲಿ ಹುಲಿ ತೂರಾಡಿ, ಮುಗ್ಗರಿಸಿ, ಮಲಗಿಬಿಡುತ್ತದೆ. ಹತ್ತಿರ ಹೋದವರನ್ನು ಆಗಲೂ ಬೆಚ್ಚಿಬೀಳಿಸುವುದು ಅದರ ಕಣ್ಣು. ಅದು ತೆರೆದೇ ಇರುತ್ತದೆ, ರೆಪ್ಪೆ ಮಾತ್ರ ಬಡಿಯುವುದಿಲ್ಲ. ಕಣ್ಣು ಒಣಗದಂತೆ ಮುಲಾಮು ಹಚ್ಚಿ, ಮೇಲೊಂದು ಬಟ್ಟೆ ಕಟ್ಟಿ, ಉಸಿರು ಎಣಿಸುತ್ತಾ, ಮೈ ಬಿಸಿಯೇರಿದರೆ ನೀರು ಸುರಿಯುತ್ತಾ ಅದನ್ನು ಬೋನಿಗೆ ಸಾಗಿಸುತ್ತಾರೆ. ಬೋನು ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರದ ಕಡೆ ಹೊರಡುತ್ತದೆ. ಕ್ಸೈಲಜಿನ್‌ನ ಅಮಲು ಇಳಿಸಲು ಮರುಮದ್ದು ಇದೆ. ಕೆಟಮಿನ್‌ಗೆ ಇಲ್ಲ. ಅದು ತಾನಾಗಿ ಇಳಿಯುವವರೆಗೂ ಕಾಯಬೇಕು, ಹುಲಿಗಾದರೂ ಅಷ್ಟೆ, ಮನುಷ್ಯನಿಗಾದರೂ ಅಷ್ಟೆ.

ಕೆಟಮಿನ್‌ನ ಸ್ವಭಾವವೆಲ್ಲ ಆ ತೆರೆದ ಕಣ್ಣಿನಲ್ಲೇ ಇದೆ. ಉಳಿದ ಅರಿವಳಿಕೆಗಳು ಮಿದುಳನ್ನು ಒಟ್ಟಾರೆಯಾಗಿ ಮಲಗಿಸುತ್ತವೆ. ಕೆಟಮಿನ್ ಮಲಗಿಸುವುದಕ್ಕಿಂತ ಹೆಚ್ಚಾಗಿ ಬಿಡಿಸುತ್ತದೆ. ಕಣ್ಣು, ಕಿವಿ, ಚರ್ಮದಿಂದ ಹೊರಟ ಸುದ್ದಿ ಮಿದುಳಿನ ಬಾಗಿಲವರೆಗೂ ಬರುತ್ತದೆ, ಆದರೆ ಒಳಗೆ ಅದನ್ನು ಓದಿಕೊಳ್ಳುವವರು ಯಾರೂ ಇರುವುದಿಲ್ಲ. ನರಕೋಶಗಳ ನಡುವೆ ಸುದ್ದಿ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬರಮಾಡಿಕೊಳ್ಳುವ ಎನ್‌ಎಂಡಿಎ ಗ್ರಾಹಕಗಳಿಗೆ ಕೆಟಮಿನ್ ಅಗುಳಿ ಹಾಕುವುದೇ ಇದಕ್ಕೆ ಮುಖ್ಯ ಕಾರಣ ಎಂಬುದು 1980ರ ದಶಕದ ಆರಂಭದಲ್ಲಿ ಗೊತ್ತಾಯಿತು. ಮದ್ದು ಬಳಕೆಗೆ ಬಂದು ಆಗಲೇ ಹತ್ತು ವರ್ಷ ಕಳೆದಿತ್ತು.

ಅದರ ಹುಟ್ಟು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿ 1950ರ ದಶಕದಲ್ಲಿ ಫೆನ್‌ಸೈಕ್ಲಿಡಿನ್ ಎಂಬ ಅರಿವಳಿಕೆಯನ್ನು ತಂದಿತ್ತು. ನೋವೇನೋ ಹೋಗುತ್ತಿತ್ತು, ಆದರೆ ಎಚ್ಚರವಾಗುವಾಗ ರೋಗಿಗಳು ಗಂಟೆಗಟ್ಟಲೆ ಹುಚ್ಚೆದ್ದವರಂತೆ ಆಡುತ್ತಿದ್ದರು. ಅದೇ ಕುಟುಂಬದ, ಆದರೆ ಬೇಗ ಇಳಿಯುವ ವಸ್ತುವನ್ನು ಹುಡುಕುತ್ತಿದ್ದ ರಸಾಯನಶಾಸ್ತ್ರಜ್ಞ ಕ್ಯಾಲ್ವಿನ್ ಸ್ಟೀವನ್ಸ್ 1962ರಲ್ಲಿ ತಯಾರಿಸಿದ್ದೇ ಇಂದಿನ ಕೆಟಮಿನ್. ಆಗ ಅದಕ್ಕಿದ್ದದ್ದು ಸಿಐ-581 ಎಂಬ ಸಂಖ್ಯೆ ಮಾತ್ರ. ಅದನ್ನು ಮನುಷ್ಯನಿಗೆ ಮೊದಲು ಕೊಟ್ಟದ್ದು 1964ರ ಆಗಸ್ಟ್ 3ರಂದು, ಜಾಕ್ಸನ್ ಸೆರೆಮನೆಯ ಸ್ವಯಂಸೇವಕ ಕೈದಿಗಳ ಮೇಲೆ ನಡೆದ ಪ್ರಯೋಗದಲ್ಲಿ. ಪ್ರಯೋಗ ನಡೆಸಿದ ಎಡ್ವರ್ಡ್ ಡೊಮಿನೊ, ಕೈದಿಗಳಿಗೆ ತಾವು ದೇಹದಿಂದ ಕಳಚಿಕೊಂಡಂತೆ ಅನಿಸಿತು ಎಂದು ಮನೆಯಲ್ಲಿ ವಿವರಿಸಿದಾಗ ‘ವಿಯೋಜಕ ಅರಿವಳಿಕೆ’ ಎಂಬ ಅರ್ಥದ ಹೆಸರನ್ನು ಸೂಚಿಸಿದವರು ಅವರ ಪತ್ನಿ. ವೈದ್ಯಶಾಸ್ತ್ರದಲ್ಲಿ ಇಂದಿಗೂ ಅದೇ ಹೆಸರು ನಿಂತಿದೆ. 1970ರಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು, ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಅದು ಒದಗಿಬಂತು.

ಯುದ್ಧಭೂಮಿಗೆ ಒಗ್ಗಿದ ಕಾರಣವೇ ಬಡ ಆಸ್ಪತ್ರೆಗೂ ಅದನ್ನು ಒಗ್ಗಿಸಿತು. ಹೆಚ್ಚಿನ ಅರಿವಳಿಕೆಗಳು ಉಸಿರನ್ನೂ ರಕ್ತದೊತ್ತಡವನ್ನೂ ಕುಗ್ಗಿಸುತ್ತವೆ. ಅವುಗಳ ಜೊತೆ ಯಂತ್ರ ಬೇಕು, ಆಮ್ಲಜನಕ ಬೇಕು, ಕರೆಂಟು ಬೇಕು. ವೈದ್ಯರು ಅಳೆದ ಪ್ರಮಾಣದಲ್ಲಿ ಕೊಟ್ಟರೆ ಕೆಟಮಿನ್ ಉಸಿರನ್ನು ಬಹುಮಟ್ಟಿಗೆ ಅದರ ಪಾಡಿಗೆ ಬಿಡುತ್ತದೆ, ರಕ್ತದೊತ್ತಡವನ್ನು ತುಸು ಏರಿಸುತ್ತದೆ. ಮುರಿದ ಮೂಳೆ ಕೂರಿಸಲು, ಸುಟ್ಟ ಗಾಯದ ಬಟ್ಟೆ ಬದಲಿಸಲು, ಚುಚ್ಚಲು ನರ ಸಿಗದ ಮಕ್ಕಳಿಗೆ ತೊಡೆಯ ಸ್ನಾಯುವಿಗೆ ಕೊಡಲು ಇದಕ್ಕಿಂತ ಅನುಕೂಲದ ಮದ್ದು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಅದು 1985ರಿಂದಲೂ ಇದೆ. 2018ರಲ್ಲಿ ಥಾಯ್ಲೆಂಡಿನ ಗುಹೆಯೊಳಗೆ ಸಿಕ್ಕಿಬಿದ್ದ 12 ಹುಡುಗರನ್ನೂ ಅವರ ಫುಟ್‌ಬಾಲ್ ತರಬೇತುದಾರನನ್ನೂ ನೀರಿನಡಿಯಿಂದ ಹೊರತಂದಾಗ, ಆಸ್ಟ್ರೇಲಿಯಾದ ಅರಿವಳಿಕೆ ತಜ್ಞ ರಿಚರ್ಡ್ ಹ್ಯಾರಿಸ್ ಆ ಹದಿಮೂರೂ ಮಂದಿಗೆ ಕೊಟ್ಟದ್ದು ಕೆಟಮಿನ್ ಚುಚ್ಚುಮದ್ದನ್ನೇ. ಈ ಮದ್ದಿನ ದುರುಪಯೋಗದ ಕಥೆ ಹೇಳುವಾಗ ಈ ಅಧ್ಯಾಯವನ್ನು ಹಾರಿಸಿದರೆ ಅದು ಅರ್ಧ ಕಥೆಯಾಗುತ್ತದೆ.

ದುರುಪಯೋಗ ಶುರುವಾದದ್ದು ವೈದ್ಯರು ತೊಂದರೆ ಎಂದುಕೊಂಡದ್ದರಿಂದಲೇ. ಶಸ್ತ್ರಚಿಕಿತ್ಸೆ ಮುಗಿದು ಎಚ್ಚರವಾಗುವಾಗ ಕೆಲವರು ವಿಚಿತ್ರ ಕನಸುಗಳನ್ನು ಹೇಳುತ್ತಿದ್ದರು: ತಾನು ಮೇಲೆ ತೇಲುತ್ತಿದ್ದೆ, ಕೆಳಗೆ ಮೇಜಿನ ಮೇಲೆ ತನ್ನದೇ ದೇಹ ಮಲಗಿತ್ತು, ಗೋಡೆಗಳು ಕರಗಿ ಹರಿದವು. ಅರಿವಳಿಕೆ ತಜ್ಞರಿಗೆ ಇದು ಬೇಡದ ಪರಿಣಾಮ. ಅಮೆರಿಕದಲ್ಲಿ 1970ರ ದಶಕದ ಕೆಲವರಿಗೆ ಇದೇ ಬೇಕಾಯಿತು. ಡಾಲ್ಫಿನ್‌ಗಳ ಸಂವಹನದ ಅಧ್ಯಯನದಿಂದ ಹೆಸರಾಗಿದ್ದ ನರವಿಜ್ಞಾನಿ ಜಾನ್ ಲಿಲಿ ತನ್ನ ಮೇಲೇ ಪದೇ ಪದೇ ಪ್ರಯೋಗಿಸಿಕೊಂಡು ಒಮ್ಮೆ ನೀರಿನಲ್ಲಿ ಮುಳುಗಿ ಸಾಯುವುದರಿಂದ ಸ್ವಲ್ಪದರಲ್ಲಿ ಪಾರಾದ. ನೀರಿನ ಮಾತು ಈ ಕಥೆಯಲ್ಲಿ ಮತ್ತೆ ಬರುತ್ತದೆ.

1990ರ ಹೊತ್ತಿಗೆ ನ್ಯೂಯಾರ್ಕ್, ಲಂಡನ್ ಕ್ಲಬ್ಬುಗಳಿಗೂ ಗೋವಾದ ಟ್ರಾನ್ಸ್ ಸಂಗೀತದ ಪಾರ್ಟಿಗಳಿಗೂ ಕೆಟಮಿನ್ ಬಂದಿತ್ತು. ಭಾರತದಲ್ಲಿ ಆಗ ಅದರ ಮೇಲೆ ಬಿಗಿ ಇರಲಿಲ್ಲ. ಔಷಧದಂಗಡಿಯಲ್ಲೇ ಸಿಗುತ್ತಿತ್ತು, ಇಲ್ಲಿನ ಕಾರ್ಖಾನೆಗಳು ಅದನ್ನು ರಾಶಿಗಟ್ಟಲೆ ತಯಾರಿಸುತ್ತಿದ್ದವು. ಹೀಗೆ ತಯಾರಾದದ್ದರಲ್ಲಿ ಒಂದು ಪಾಲು ಕಳ್ಳದಾರಿಯಲ್ಲಿ ಪೂರ್ವ ಏಷ್ಯಾ ಸೇರುತ್ತಿತ್ತು. ಹಾಂಗ್‌ಕಾಂಗ್‌ನಲ್ಲಿ 2000ದ ದಶಕದಲ್ಲಿ ನಶೆಗೆ ಬಿದ್ದ ಎಳೆಯರಲ್ಲಿ ಹೆಚ್ಚಿನವರು ಸೇವಿಸುತ್ತಿದ್ದದ್ದು ಗಾಂಜಾ ಅಲ್ಲ, ಹೆರಾಯಿನ್ ಅಲ್ಲ, ಕೆಟಮಿನ್. ದಾರಿ ಒಮ್ಮುಖವಾಗಿಯೂ ಉಳಿಯಲಿಲ್ಲ. 2019ರ ಸೆಪ್ಟೆಂಬರಿನಲ್ಲಿ ನಿಕೋಬಾರ್ ದ್ವೀಪಗಳ ಬಳಿ ಭಾರತದ ಕರಾವಳಿ ರಕ್ಷಣಾ ಪಡೆ ಮ್ಯಾನ್ಮಾರ್‌ನ ದೋಣಿಯೊಂದನ್ನು ತಡೆದಾಗ ಅದರಲ್ಲಿ ಸಿಕ್ಕಿದ ಕೆಟಮಿನ್ 1,160 ಕಿಲೋ.

ಈಚೆಗೆ ಅದರ ಬಳಕೆ ಏರುತ್ತಿರುವ ಪರಿಯನ್ನು ಅಂಕಿಗಳಲ್ಲಿ ಚೆನ್ನಾಗಿ ಬರೆದಿಟ್ಟಿರುವ ದೇಶ ಇಂಗ್ಲೆಂಡ್. ಅಲ್ಲಿ 2014-15ರಲ್ಲಿ ಕೆಟಮಿನ್ ಚಟಕ್ಕೆ ಚಿಕಿತ್ಸೆ ಬೇಡಿ ಹೊಸದಾಗಿ ಬಂದ ವಯಸ್ಕರು 426, 2023-24ರಲ್ಲಿ 3,609. ಎಂಟು ಪಟ್ಟಿಗೂ ಹೆಚ್ಚು. ಕಾರಣಗಳಲ್ಲಿ ಗೂಢವೇನಿಲ್ಲ. ಕೊಕೇನ್‌ಗೆ ಹೋಲಿಸಿದರೆ ಕೆಟಮಿನ್ ಅಗ್ಗ. ಎಲ್‌ಎಸ್‌ಡಿ ಎಂಟು-ಹತ್ತು ಗಂಟೆ ಹಿಡಿದಿಟ್ಟರೆ, ಎಂಡಿಎಂಎ ನಾಲ್ಕಾರು ಗಂಟೆ ಕುಣಿಸಿದರೆ, ಮೂಗಿಗೇರಿಸಿದ ಕೆಟಮಿನ್‌ನ ಅಮಲು ಸುಮಾರು ಒಂದು ಗಂಟೆಯಲ್ಲಿ ಇಳಿಯುತ್ತದೆ. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಲೇಬೇಕಾದವರ ಲೆಕ್ಕಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬಾಯಿ ವಾಸನೆ ಬರುವುದಿಲ್ಲ. ಮತ್ತೊಂದು ಕಾರಣ ತುಸು ಸೂಕ್ಷ್ಮ: ‘ಇದು ಡಾಕ್ಟರೇ ಕೊಡುವ ಮದ್ದು, ಖಿನ್ನತೆಗೂ ಒಳ್ಳೆಯದಂತೆ’ ಎಂಬ ಸಮಾಧಾನ.

ಆ ಸಮಾಧಾನದಲ್ಲಿ ಅರ್ಧ ನಿಜವಿದೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಬೆರಳೆಣಿಕೆಯ ರೋಗಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಅತಿ ಕಡಿಮೆ ಪ್ರಮಾಣದ ಕೆಟಮಿನ್ ಕೆಲವೇ ದಿನಗಳಲ್ಲಿ ಖಿನ್ನತೆ ತಗ್ಗಿಸಿದ್ದು ಕಂಡುಬಂತು. ಮಾಮೂಲಿ ಮಾತ್ರೆಗಳಿಗೆ ವಾರಗಳೇ ಬೇಕು. 2019ರಲ್ಲಿ ಅದರ ಇನ್ನೊಂದು ರೂಪವಾದ ಎಸ್‌ಕೆಟಮಿನ್ ಮೂಗಿನ ಸಿಂಪರಣೆಯಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆದರೆ ಆ ಒಪ್ಪಿಗೆಯ ಜೊತೆ ಬಂದ ಷರತ್ತನ್ನು ಪಾರ್ಟಿಯಲ್ಲಿ ಯಾರೂ ನೆನೆಯುವುದಿಲ್ಲ: ಆಸ್ಪತ್ರೆಯಲ್ಲೇ ತೆಗೆದುಕೊಳ್ಳಬೇಕು, ಎರಡು ಗಂಟೆಯಾದರೂ ನಿಗಾದಲ್ಲಿ ಇರಬೇಕು, ಆ ದಿನ ವಾಹನ ಓಡಿಸಬಾರದು. ‘ಫ್ರೆಂಡ್ಸ್’ ಧಾರಾವಾಹಿಯ ನಟ ಮ್ಯಾಥ್ಯೂ ಪೆರಿ ಕೂಡ ವೈದ್ಯರ ಬಳಿ ಕೆಟಮಿನ್ ಚಿಕಿತ್ಸೆ ಪಡೆಯುತ್ತಿದ್ದರು. ಅದರ ಆಚೆಗೆ ಕಳ್ಳದಾರಿಯಲ್ಲೂ ತರಿಸಿಕೊಂಡರು. 2023ರ ಅಕ್ಟೋಬರ್ 28ರಂದು ಮನೆಯ ಬಿಸಿನೀರ ತೊಟ್ಟಿಯಲ್ಲಿ ಶವವಾಗಿ ಸಿಕ್ಕಿದಾಗ ಅವರ ರಕ್ತದಲ್ಲಿದ್ದ ಕೆಟಮಿನ್, ಶಸ್ತ್ರಚಿಕಿತ್ಸೆಗೆ ಪೂರ್ತಿ ಅರಿವು ತಪ್ಪಿಸುವಾಗ ಇರುವಷ್ಟು ಮಟ್ಟದಲ್ಲಿತ್ತು. ಆ ಪ್ರಕರಣದಲ್ಲಿ ಆರೋಪ ಹೊತ್ತ ಐವರಲ್ಲಿ ಇಬ್ಬರು ವೈದ್ಯರು.

ಸೇವಿಸಿದವರ ಮೈಯಲ್ಲಿ ಆಗುವುದೇನು? ಸ್ವಲ್ಪ ಹೋದರೆ ಕೈಕಾಲು ಹತ್ತಿಯಂತಾಗಿ, ಸದ್ದು ದೂರದಿಂದ ಬಂದಂತೆ ಕೇಳಿಸಿ, ನಡಿಗೆ ಓಲಾಡುತ್ತದೆ. ಹೆಚ್ಚಾದರೆ ಮಾತು ನಿಲ್ಲುತ್ತದೆ, ದೇಹ ಮರಗಟ್ಟುತ್ತದೆ. ಕಣ್ಣು ತೆರೆದಿದ್ದರೂ ಕರೆದವರಿಗೆ ಉತ್ತರವಿಲ್ಲ. ಪಾರ್ಟಿಯ ಭಾಷೆಯಲ್ಲಿ ಇದಕ್ಕೆ ‘ಕೆ-ಹೋಲ್’ ಎನ್ನುತ್ತಾರೆ, ಅಂದರೆ ಬಾವಿಗೆ ಬಿದ್ದ ಸ್ಥಿತಿ. ತೋಟದಲ್ಲಿ ಡಾರ್ಟ್ ತಿಂದು ಮಲಗಿದ ಹುಲಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಹುಲಿಯ ಪಕ್ಕದಲ್ಲಿ ಉಸಿರು ಎಣಿಸುವ ವೈದ್ಯರಿರುತ್ತಾರೆ.

ಕೆಟಮಿನ್ ಒಂದರಿಂದಲೇ ಉಸಿರು ನಿಂತು ಸಾಯುವುದು ಅಪರೂಪ. ಕೊಲ್ಲುವುದು ಹೆಚ್ಚಾಗಿ ಅದರ ಸುತ್ತಮುತ್ತಲಿನ ಸಂಗತಿ. ಮದ್ಯದ ಜೊತೆ ಸೇರಿದರೆ ಉಸಿರು ಕುಗ್ಗುತ್ತದೆ. ಅಂಗಾತ ಮಲಗಿದವರು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೋವಿನ ಅರಿವು ಇಲ್ಲದ್ದರಿಂದ ಬೆಂಕಿ ಸುಟ್ಟರೂ ಕೈ ಹಿಂದೆಗೆಯುವುದಿಲ್ಲ. ಮೊಣಕಾಲುದ್ದದ ನೀರಿನಲ್ಲೂ ಮುಖ ಎತ್ತಲಾಗುವುದಿಲ್ಲ. ಹೊಳೆಯಂಚು, ಈಜುಕೊಳ, ಬೆಟ್ಟದ ತುದಿಯ ನೋಟ, ರಾತ್ರಿಯ ಕ್ಯಾಂಪ್‌ಫೈರ್: ಹೋಮ್‌ಸ್ಟೇಗಳ ಜಾಹೀರಾತಿನಲ್ಲಿ ಕಾಣುವ ಆಕರ್ಷಣೆಗಳನ್ನೆಲ್ಲ ಈ ಅಪಾಯಗಳ ಪಕ್ಕದಲ್ಲಿಟ್ಟು ಓದಬೇಕು.

ಕೊಡಗಿಗೆ ಕುಡಿತ ಹೊಸದಲ್ಲ, ಕುಣಿತವೂ ಹೊಸದಲ್ಲ. ಮದುವೆಯಲ್ಲಿ ವಾಲಗ ಶುರುವಾದರೆ ಅಜ್ಜಂದಿರೂ ಕೈ ಎತ್ತಿ ಕುಣಿಯುತ್ತಾರೆ. ಹಿರಿಯರ ಎದುರೇ ಗ್ಲಾಸು ಹಿಡಿಯುವುದಕ್ಕೆ ಇಲ್ಲಿ ಅಂಥ ಮುಜುಗರವಿಲ್ಲ. ಆ ಪದ್ಧತಿಗೆ ಅದರದೇ ಕೆಡುಕುಗಳಿವೆ, ತೋಟದ ಲೈನ್‌ಮನೆಗಳಲ್ಲಿ ಅವು ಎದ್ದು ಕಾಣುತ್ತವೆ. ಆದರೂ ಯಾರು ಎಷ್ಟು ಕುಡಿದರು, ಯಾರನ್ನು ಮನೆಗೆ ಬಿಟ್ಟು ಬರಬೇಕು ಎಂದು ನೋಡುವ ನಾಲ್ಕು ಜೊತೆ ಕಣ್ಣು ಅಲ್ಲಿರುತ್ತವೆ. ಹೊರಗಿನಿಂದ ಬಾಡಿಗೆಗೆ ಬಂದು, ಗೇಟು ಮುಚ್ಚಿ, ಸ್ಪೀಕರ್ ಹಚ್ಚಿ ನಡೆಸುವ ಪಾರ್ಟಿಗೆ ಆ ಕಣ್ಣುಗಳಿಲ್ಲ. ನೂರಾರು ಎಕರೆ ತೋಟದ ನಡುವಿನ ಬಂಗಲೆಯಲ್ಲಿ ಏನು ನಡೆದರೂ ಪಕ್ಕದ ಮನೆಗೆ ಕೇಳಿಸುವುದಿಲ್ಲ, ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ಬೆಂಗಳೂರಿನವರು ಕೊಡಗನ್ನು ಇಷ್ಟಪಡುವುದೂ ಇದೇ ಕಾರಣಕ್ಕೆ. ಆಂಬುಲೆನ್ಸ್ ತಡವಾಗುವುದೂ ಇದೇ ಕಾರಣಕ್ಕೆ.

ಜಿಲ್ಲೆಯ ಪೊಲೀಸರ ಕೈಗೆ ಹೆಚ್ಚಾಗಿ ಸಿಗುವುದು ಗಾಂಜಾ ಮತ್ತು ಎಂಡಿಎಂಎ. 2024ರಲ್ಲಿ ಅವರು ಮೂರು ಕಿಲೋಗೂ ಹೆಚ್ಚು ಹೈಡ್ರೊ ಗಾಂಜಾ, ಅಂದರೆ ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ ಗಾಂಜಾ, ಹಿಡಿದಾಗ ಅದರ ಜಾಡು ಬ್ಯಾಂಕಾಕ್ ಮುಟ್ಟಿತು. ರೈಲಿಲ್ಲದ, ವಿಮಾನ ನಿಲ್ದಾಣವಿಲ್ಲದ ಜಿಲ್ಲೆ ಅಂತರರಾಷ್ಟ್ರೀಯ ಜಾಲದ ಕೊಂಡಿಯಾಗಬಲ್ಲದು ಎಂಬುದು ಅಂದು ಗೊತ್ತಾಯಿತು. ಭೂಪಟ ನೋಡಿದರೆ ಅಚ್ಚರಿ ಅನಿಸದು. ವಿರಾಜಪೇಟೆಯಿಂದ ಮಾಕುಟ್ಟ ಘಟ್ಟ ಇಳಿದರೆ ಕಣ್ಣೂರು, ಕುಟ್ಟ ದಾಟಿದರೆ ವಯನಾಡು, ಕರಿಕೆಯ ಆಚೆ ಕಾಸರಗೋಡು. ಇತ್ತ ಕುಶಾಲನಗರದಿಂದ ಮೈಸೂರು, ಬೆಂಗಳೂರು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಬಳಿಯ ತೋಟದ ಮನೆಯೊಂದರ ಮೇಲೆ 2024ರ ಮೇ ತಿಂಗಳಲ್ಲಿ ನಗರ ಪೊಲೀಸರ ಅಪರಾಧ ವಿಭಾಗವಾದ ಸಿಸಿಬಿ ದಾಳಿ ನಡೆಸಿ 103 ಮಂದಿಯ ರಕ್ತ ಪರೀಕ್ಷೆ ಮಾಡಿಸಿದಾಗ 86 ಮಂದಿ ಮಾದಕ ವಸ್ತು ಸೇವಿಸಿದ್ದು ದೃಢಪಟ್ಟಿತ್ತು. ನಗರದೊಳಗಿನ ಪಬ್ಬುಗಳ ಮೇಲೆ ಕಣ್ಣು ಬಿಗಿಯಾದಷ್ಟೂ ಪಾರ್ಟಿ ತೋಟಗಳತ್ತ ಸರಿಯುತ್ತದೆ.

ಕೆಟಮಿನ್ ಹೆಸರನ್ನೇ ಹೊತ್ತ ಪ್ರಕರಣವೊಂದು ಸಿಕ್ಕಿದ್ದು ನೆರೆಯ ಕೇರಳದಲ್ಲಿ. 2025ರ ಜುಲೈ ಆರಂಭದಲ್ಲಿ ಮಾದಕ ವಸ್ತು ನಿಯಂತ್ರಣ ದಳದ, ಅಂದರೆ ಎನ್‌ಸಿಬಿಯ ಕೊಚ್ಚಿ ಘಟಕ ‘ಕೆಟಮೆಲನ್’ ಎಂಬ ಹೆಸರಿನಲ್ಲಿ ಡಾರ್ಕ್‌ನೆಟ್ ವ್ಯಾಪಾರ ನಡೆಸುತ್ತಿದ್ದ ಜಾಲವನ್ನು ಭೇದಿಸಿತು. ಕೇಂದ್ರ ಇದ್ದದ್ದು ಮೂವಾಟ್ಟುಪುಳ ಎಂಬ ಸಣ್ಣ ಪಟ್ಟಣದಲ್ಲಿ. ಸಿಕ್ಕಿದ್ದು 1,127 ಎಲ್‌ಎಸ್‌ಡಿ ಚೀಟಿ, 131.66 ಗ್ರಾಂ ಕೆಟಮಿನ್ ಮತ್ತು ಸುಮಾರು 70 ಲಕ್ಷ ರೂಪಾಯಿಯ ಕ್ರಿಪ್ಟೊ ಹಣ. ಸರಕು ವಿದೇಶದಿಂದ ಅಂಚೆಯಲ್ಲಿ ಬರುತ್ತಿತ್ತು, ಬೆಂಗಳೂರು ಸೇರಿದಂತೆ ದೇಶದ ಹಲವು ಊರುಗಳಿಗೆ ಪಾರ್ಸೆಲ್ಲಾಗಿ ಹೋಗುತ್ತಿತ್ತು. ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುವ ಪದ್ಧತಿಗೆ ಇಂಥ ವ್ಯಾಪಾರ ಸಿಗುವುದು ಕಷ್ಟ.

ಇಷ್ಟೆಲ್ಲ ದಾಳಿ, ಜಪ್ತಿಯ ಸುದ್ದಿಯಲ್ಲಿ ಕೆಟಮಿನ್‌ನ ನಿಜವಾದ ಹಾನಿ ಮರೆಯಾಗುತ್ತದೆ. ಅದು ಮಿದುಳಿಗಿಂತ ಹೆಚ್ಚಾಗಿ ಎದ್ದು ಕಾಣುವುದು ಹೊಟ್ಟೆಯ ಕೆಳಭಾಗದಲ್ಲಿ. ಯಕೃತ್ತು ಒಡೆದ ಕೆಟಮಿನ್‌ನ ಚೂರುಗಳು ಮೂತ್ರದ ಮೂಲಕ ಹೊರಹೋಗುತ್ತವೆ. ಹೋಗುವ ಮುನ್ನ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುವಾಗ ಅದರ ಒಳಪದರವನ್ನು ಸುಡುತ್ತವೆ. ಆಪರೇಷನ್ನಿಗೆ ಒಮ್ಮೆ ಕೊಟ್ಟರೆ ಇದೇನೂ ಆಗದು. ವಾರಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ಸೇವಿಸಿದರೆ ಆಗುತ್ತದೆ. 2007ರಲ್ಲಿ ಕೆನಡಾದ ಟೊರೊಂಟೊ ವೈದ್ಯರು ಒಂಬತ್ತು ಮಂದಿಯಲ್ಲಿ, ಹಾಂಗ್‌ಕಾಂಗ್ ವೈದ್ಯರು ಹತ್ತು ಮಂದಿಯಲ್ಲಿ ಇದನ್ನು ಗುರುತಿಸಿ ವರದಿ ಮಾಡುವವರೆಗೆ ಇಂಥದ್ದೊಂದು ಕಾಯಿಲೆ ಇದೆಯೆಂದೇ ಗೊತ್ತಿರಲಿಲ್ಲ.

ಶುರುವಿನಲ್ಲಿ ಅದು ಮೂತ್ರಸೋಂಕಿನಂತೆ ಕಾಣುತ್ತದೆ: ಉರಿ, ಅವಸರ, ರಾತ್ರಿ ನಾಲ್ಕಾರು ಬಾರಿ ಏಳುವುದು. ಆ್ಯಂಟಿಬಯೋಟಿಕ್ ನುಂಗಿದರೂ ಕಡಿಮೆಯಾಗುವುದಿಲ್ಲ, ಪರೀಕ್ಷೆಯಲ್ಲಿ ರೋಗಾಣುವೂ ಸಿಗುವುದಿಲ್ಲ. ಆಮೇಲೆ ಮೂತ್ರದಲ್ಲಿ ರಕ್ತ. ನಾಲ್ಕೈನೂರು ಎಂಎಲ್ ಹಿಡಿಯಬೇಕಾದ ಚೀಲ ಗಟ್ಟಿಯಾಗಿ, ಮುದುಡಿ, ಕೊನೆಗೆ ನೂರು ಎಂಎಲ್ ಕೂಡ ಹಿಡಿಯದಂತಾಗುತ್ತದೆ. ಅಂಥವರು ಮೈಸೂರಿನಲ್ಲಿ ಬಸ್ಸು ಹತ್ತಿದರೆ ಕುಶಾಲನಗರ ಮುಟ್ಟುವ ಎರಡು ಗಂಟೆಯಲ್ಲಿ ನಾಲ್ಕೈದು ಕಡೆ ಬಸ್ಸು ನಿಲ್ಲಿಸಬೇಕಾದೀತು. ಮೂತ್ರ ಹಿಂದಕ್ಕೆ ಒತ್ತಿ ಮೂತ್ರಪಿಂಡ ಊದಿಕೊಳ್ಳಬಹುದು. ಕೈಮೀರಿದರೆ ಮೂತ್ರಕೋಶವನ್ನೇ ತೆಗೆದು ಕರುಳಿನ ತುಂಡಿನಿಂದ ಇನ್ನೊಂದನ್ನು ಕಟ್ಟಬೇಕಾಗುತ್ತದೆ, ಅದೂ ಇಪ್ಪತ್ತು-ಮೂವತ್ತರ ವಯಸ್ಸಿನವರಿಗೆ. ಇದರೊಳಗೆ ಒಂದು ಕ್ರೂರ ಸುತ್ತು ಬೇರೆ ಇದೆ. ಕೆಟಮಿನ್ ನೋವು ಮರೆಸುವ ಮದ್ದಾದ್ದರಿಂದ, ಅದರಿಂದಲೇ ಹುಟ್ಟಿದ ಮೂತ್ರಕೋಶದ ನೋವನ್ನು ಅದನ್ನೇ ಸೇವಿಸಿ ತಡೆದುಕೊಳ್ಳುತ್ತಾರೆ. ಹಾಂಗ್‌ಕಾಂಗ್‌ನ ಡಿಸ್ಕೊಗಳಲ್ಲಿ ಕೆಟಮಿನ್‌ನ ಕಾಲ ಬಹುಮಟ್ಟಿಗೆ ಮುಗಿದಿದೆ. ಆದರೆ ಅಲ್ಲಿನ ಚೈನೀಸ್ ವಿಶ್ವವಿದ್ಯಾಲಯ ಅದರ ದೆಸೆಯಿಂದ ಎಳೆಯರಿಗೆಂದೇ ಪ್ರತ್ಯೇಕ ಮೂತ್ರರೋಗ ಚಿಕಿತ್ಸಾ ಕೇಂದ್ರ ತೆರೆಯಬೇಕಾಯಿತು.

ಕೆಂಪು ಮೂತ್ರ ಎಂದರೆ ಕೊಡಗಿನವರಿಗೆ ತಟ್ಟನೆ ನೆನಪಾಗುವುದು ಬೇರೆಯೇ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡ ಮರುದಿನ ಹಾಗಾಗುವುದು ಇಲ್ಲಿ ಮಕ್ಕಳಿಗೂ ಗೊತ್ತು, ಯಾರೂ ಗಾಬರಿಯಾಗುವುದಿಲ್ಲ. ಕಕ್ಕಡ ಹದಿನೆಂಟು ಬೀಳುವುದು ಆಗಸ್ಟ್ 3ಕ್ಕೆ, ಕೆಟಮಿನ್ ಮೊದಲು ಮನುಷ್ಯನ ಮೈಗಿಳಿದ ದಿನವೇ. ಬರೀ ಕಾಕತಾಳೀಯ. ಸೊಪ್ಪಿನ ಬಣ್ಣ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ಪುಡಿಯಿಂದ ಬಂದದ್ದು ಬಣ್ಣವಲ್ಲ, ರಕ್ತ.

ಕಾನೂನು ತಡವಾಗಿಯಾದರೂ ಬಂದಿದೆ. 2007ರ ಕೊನೆಯಲ್ಲಿ ಕೆಟಮಿನ್ ರಫ್ತಿಗೆ ಮುಂಚಿತ ಅನುಮತಿ ಬೇಕೆಂದು ಕೇಂದ್ರ ಸರ್ಕಾರ ಹೇಳಿತು. 2011ರ ಫೆಬ್ರುವರಿಯಲ್ಲಿ ಅದನ್ನು ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಮನೋಪ್ರಭಾವಿ ವಸ್ತುಗಳ ಪಟ್ಟಿಗೆ ಸೇರಿಸಿತು. 2013ರಲ್ಲಿ ಔಷಧ ನಿಯಮಗಳ ‘ಎಕ್ಸ್’ ಪಟ್ಟಿಗೂ ಅದು ಸೇರಿತು. ಈ ಪಟ್ಟಿಯ ಮದ್ದನ್ನು ಅಂಗಡಿಯವರು ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು, ಚೀಟಿಯ ಎರಡು ಪ್ರತಿ ಪಡೆದು ಒಂದನ್ನು ಎರಡು ವರ್ಷ ಕಾಪಾಡಬೇಕು. ಎನ್‌ಡಿಪಿಎಸ್ ಲೆಕ್ಕದಲ್ಲಿ 10 ಗ್ರಾಂ ತನಕ ಅಲ್ಪ ಪ್ರಮಾಣ, 500 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು ವರ್ಷ ಸೆರೆವಾಸ. ಚೀನಾ ಇನ್ನೂ ಮುಂದೆ ಹೋಗಿ ಕೆಟಮಿನ್ ಅನ್ನು ಅಂತರರಾಷ್ಟ್ರೀಯ ನಿರ್ಬಂಧದಡಿ ತರಬೇಕೆಂದು ವಿಶ್ವಸಂಸ್ಥೆಯ ಮುಂದೆ ಪಟ್ಟು ಹಿಡಿದಾಗ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಬೇಡವೆಂದರು. ಬಿಗಿ ಹೆಚ್ಚಾದರೆ ಬಡ ದೇಶಗಳ ಹಳ್ಳಿ ಆಸ್ಪತ್ರೆಗಳಿಗೆ ಮದ್ದು ಸಿಗದೆ ಹೋದೀತು ಎಂಬುದು ಅವರ ಕಾರಣ. ಹುಲಿ ಹಿಡಿಯುವ ವೈದ್ಯರೂ ಈ ಮಾತನ್ನು ಒಪ್ಪಿಯಾರು.

ಹೋಮ್‌ಸ್ಟೇ ನಡೆಸುವವರು ಓದಿಕೊಳ್ಳಬೇಕಾದ ಕಲಂ ಬೇರೊಂದಿದೆ, ಎನ್‌ಡಿಪಿಎಸ್ ಕಾಯ್ದೆಯ 25ನೆಯದು. ಮನೆ, ಕೋಣೆ, ಜಾಗ, ವಾಹನ ಯಾವುದೇ ಆಗಲಿ, ಅದು ಮಾದಕ ವಸ್ತುವಿನ ಅಪರಾಧಕ್ಕೆ ಬಳಕೆಯಾಗುತ್ತಿದೆ ಎಂದು ತಿಳಿದೂ ಬಿಟ್ಟುಕೊಟ್ಟ ಮಾಲೀಕನಿಗೆ, ಅಪರಾಧ ಮಾಡಿದವರಿಗೆ ಆಗುವ ಶಿಕ್ಷೆಯೇ ಆಗುತ್ತದೆ. ‘ಬಾಡಿಗೆ ಕೊಟ್ಟಿದ್ದೆ, ಒಳಗೇನು ನಡೆಯಿತೋ ನನಗೇನು ಸಂಬಂಧ’ ಎಂಬ ಮಾತು, ಗೊತ್ತಿದ್ದೂ ಸುಮ್ಮನಿದ್ದದ್ದು ಸಾಬೀತಾದರೆ ನಿಲ್ಲುವುದಿಲ್ಲ. ಅತಿಥಿಗಳ ಗುರುತಿನ ಚೀಟಿ ಪಡೆದು ರಿಜಿಸ್ಟರಿನಲ್ಲಿ ಬರೆಯುವುದು ಅನೇಕ ಮಾಲೀಕರಿಗೆ ಕಿರಿಕಿರಿ ಅನಿಸುತ್ತದೆ. ಕೋರ್ಟಿನಲ್ಲಿ ನೆರವಿಗೆ ಬರುವುದು ಆ ರಿಜಿಸ್ಟರೇ.

ಚಟಕ್ಕೆ ಬಿದ್ದವರಿಗೆ ಅದೇ ಕಾಯ್ದೆ ಒಂದು ಬಾಗಿಲನ್ನೂ ತೆರೆದಿಟ್ಟಿದೆ. 64ಎ ಕಲಮಿನ ಪ್ರಕಾರ, ಸೇವನೆಗೆ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಆರೋಪ ಎದುರಿಸುವ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಪೂರ್ತಿಗೊಳಿಸಿದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಹೆತ್ತವರು ಪೊಲೀಸರ ಹೆದರಿಕೆಯಿಂದಲೇ ವೈದ್ಯರ ಬಳಿಗೂ ಹೋಗದೆ ಉಳಿಯುತ್ತಾರೆ; ಈ ಕಲಂ ಅವರಿಗೆ ಗೊತ್ತಿರಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಮಾನಸಿಕ ಆರೋಗ್ಯದ ‘ಟೆಲಿ ಮಾನಸ್’ 14416, ಕನ್ನಡದಲ್ಲೇ ಮಾತನಾಡಬಹುದು. ಮಾರಾಟದ ಸುಳಿವು ಕೊಡಲು ಎನ್‌ಸಿಬಿಯ ಸಂಖ್ಯೆ 1933.

ಪಾರ್ಟಿಯಲ್ಲಿ ಯಾರಾದರೂ ಕಣ್ಣು ತೆರೆದೇ ಸ್ತಬ್ಧರಾಗಿ ಬಿದ್ದಿದ್ದರೆ ಅವರ ಮೇಲೆ ನೀರು ಸುರಿಯುವುದು, ಎಬ್ಬಿಸಿ ನಡೆಸುವುದು, ಬಾಯಿಗೆ ಏನಾದರೂ ಹಾಕುವುದು ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ನೀರು, ಬೆಂಕಿ, ಮೆಟ್ಟಿಲಿನಿಂದ ದೂರ ಇಡಬೇಕು, ಒಬ್ಬರು ಪಕ್ಕದಲ್ಲೇ ಕುಳಿತಿರಬೇಕು, 108ಕ್ಕೆ ಕರೆ ಮಾಡಬೇಕು. ತನ್ನ ಪಾನೀಯದಲ್ಲಿ ಯಾರೋ ಏನೋ ಬೆರೆಸಿದ್ದಾರೆ ಎಂಬ ಅನುಮಾನ ಬಂದವರು ಮೂತ್ರದ ಮಾದರಿಯನ್ನು ತಡಮಾಡದೆ ಆಸ್ಪತ್ರೆಗೆ ಕೊಡಬೇಕು. ಸಾಮಾನ್ಯ ಪರೀಕ್ಷಾ ಕಿಟ್‌ಗಳೆಲ್ಲ ಕೆಟಮಿನ್ ಅನ್ನು ಹಿಡಿಯುವುದಿಲ್ಲವಾದ್ದರಿಂದ ಅದರ ಹೆಸರು ಹೇಳಿಯೇ ಪರೀಕ್ಷೆ ಕೇಳಬೇಕು.

ಹರೆಯದವರ ಮೂತ್ರದ ಉರಿ ಎರಡು ಸಲ ಮದ್ದು ಕೊಟ್ಟರೂ ನಿಲ್ಲದಿದ್ದರೆ ಮನೆಯವರು ಒಮ್ಮೆ ಹೊರಗೆ ಕುಳಿತು, ಅವರನ್ನು ವೈದ್ಯರ ಜೊತೆ ಒಂಟಿಯಾಗಿ ಮಾತನಾಡಲು ಬಿಡಲಿ. ಹಾನಿ ಆರಂಭದ ಹಂತದಲ್ಲಿದ್ದು, ಕೆಟಮಿನ್ ಪೂರ್ತಿ ನಿಂತರೆ, ಹೆಚ್ಚಿನವರ ಮೂತ್ರಕೋಶ ಮತ್ತೆ ಸುಧಾರಿಸುತ್ತದೆ.